ಊಹಾ ದೇವರಿಗೆ ನೋಟಿಸು

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳಲ್ಲಿ ದೇವರು ಇಲ್ಲವೆಂಬ ಠರಾವು ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ, ಸರ್ವಾನುಮತದಿಂದ ಅಂಗೀಕಾರವಾಗಿದೆ. ಸೂಚಿಸಿದವರು ಹಾನಗಲ್ಲಿನ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರಾದ ಅಜ್ಜಪ್ಪನವರು. ಅನುಮೋದಿಸಿದವನು ನಾನು. ಉಳಿದ ತಾಲೂಕುಗಳ ಮೇಲೆ ನಮಗೆ ಅಧಿಕಾರವಿಲ್ಲವಾದ್ದರಿಂದ ಅಲ್ಲಿಯ ಪರಿಸ್ಥಿತಿ ಹೇಗಿದೆಯೋ ತಿಳಿಯದು.

ನನ್ನ ಹೆಸರು ಶಂಭುಲಿಂಗ. ನಾಸ್ತಿಕನಿಗೆ ಇದೆಂಥ ಹೆಸರು ಎಂದು ಹೊಸ ಸದಸ್ಯರು ಒಮ್ಮೆಯಾದರೂ ನಗುತ್ತಾರೆ. ಹೆಸರು ಬದಲಿಸಬೇಕೆಂದರೆ ಆಧಾರ್, ಪ್ಯಾನ್, ಅಂಗಡಿಯ ಲೈಸೆನ್ಸು ಎಲ್ಲವನ್ನೂ ತಿದ್ದಿಸಬೇಕು. ದೇವರನ್ನು ಬಿಡುವುದು ಅದಕ್ಕಿಂತ ಸುಲಭವಾಗಿ ಕಂಡಿತು. ಹಿರೇಕೆರೂರು ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅಲ್ಲಿ ಕುಳಿತೇ ನಾನು ‘ನಾಲ್ಕು ತಾಲೂಕು ನಿರೀಶ್ವರವಾದಿಗಳ ವೇದಿಕೆ’ ಎಂಬ ವಾಟ್ಸಾಪ್ ಗುಂಪಿನ ಕಾರ್ಯದರ್ಶಿ ಕೆಲಸವನ್ನೂ ನೋಡಿಕೊಳ್ಳುತ್ತೇನೆ. ಗಿರಾಕಿಗಳು ಕಡಿಮೆ ಇರುವುದರಿಂದ ಎರಡೂ ಕೆಲಸ ಚೆನ್ನಾಗಿ ನಡೆಯುತ್ತವೆ.

ವೇದಿಕೆಯ ಮುಖ್ಯ ಕೆಲಸ ವಾದ. ಆಸ್ತಿಕರು ಬೇರೆ ಬೇರೆ ಗುಂಪುಗಳಲ್ಲಿ ನಮ್ಮನ್ನು ಹಿಡಿದು ಕೇಳುವುದು ಒಂದೇ ಪ್ರಶ್ನೆ: ‘ಒಂದು ವೇಳೆ ದೇವರು ಇದ್ದರೆ?’ ಹಿಂದೊಮ್ಮೆ ನಮ್ಮ ಸದಸ್ಯರೊಬ್ಬರು ಭೋಳೆ ಸ್ವಭಾವದಿಂದ ‘ಇದ್ದರೆ ಒಳ್ಳೆಯದೇ ಆಯಿತು, ನಮ್ಮೂರಿಗೆ ಒಂದು ಸೇತುವೆ ಕೇಳುತ್ತೇನೆ’ ಎಂದು ಬರೆದುಬಿಟ್ಟರು. ‘ಕಡೆಗೂ ಒಪ್ಪಿಕೊಂಡ’ ಎಂಬ ತಲೆಬರಹದೊಂದಿಗೆ ಅದರ ಸ್ಕ್ರೀನ್‌ಶಾಟ್ ನಾಲ್ಕೂ ತಾಲೂಕು ಸುತ್ತಿ, ಕೊನೆಗೆ ಅವರ ಬೀಗರ ಮೊಬೈಲಿಗೂ ಹೋಯಿತು. ಅಂದಿನಿಂದ ನಿಯಮ ಮಾಡಲಾಗಿದೆ: ‘ದೇವರ ಕುರಿತ ಊಹಾ ಪ್ರಶ್ನೆಗಳಿಗೆ ಯಾವ ಸದಸ್ಯರೂ ಸ್ವಂತ ಬುದ್ಧಿಯಿಂದ ಉತ್ತರಿಸತಕ್ಕದ್ದಲ್ಲ. ಪ್ರಶ್ನೆಯನ್ನು ಕಾರ್ಯಕಾರಿ ಸಮಿತಿಗೆ ಒಪ್ಪಿಸತಕ್ಕದ್ದು.’

ಹೀಗಿರುವಾಗ ಹೇಮಾ ಎಂಬ ನಮ್ಮ ಸದಸ್ಯೆಯಿಂದ ಒಂದು ಧ್ವನಿ ಸಂದೇಶ ಬಂತು. ಹೇಮಾ ಹಿರೇಕೆರೂರಿನವಳೇ. ಹಾವೇರಿಯ ಒಂದು ಖಾಸಗಿ ಬೀಜ ಪರೀಕ್ಷಾ ಕೇಂದ್ರದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಗೋವಿನಜೋಳದ ಬೀಜಗಳನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಸೋಮವಾರ ಬೆಳಿಗ್ಗೆ ಬಿಚ್ಚಿ, ಎಷ್ಟು ಮೊಳೆತಿವೆ ಎಂದು ನೋಡುವುದು ಅವಳ ಕೆಲಸ. ಮೊಳಕೆ ಯಾರಿಗೂ ಕಾಯುವುದಿಲ್ಲ. ಸೋಮವಾರದ ಮೊದಲ ಬಸ್ಸು ತಪ್ಪಿಸಿಕೊಂಡರೆ ಕೆಲಸವೂ ತಪ್ಪುತ್ತದೆ ಎಂದು ಮೇಲಿನವರು ಹೇಳಿದ್ದರು.

ಇತ್ತ ಮನೆಯಲ್ಲಿ ಸೋಮವಾರ ಶಿವನ ವಾರ. ಸೊಸೆಯಾದ ಹೇಮಾ ತಲೆಗೆ ನೀರು ಹಾಕಿಕೊಂಡು, ದೇವರ ಜಗುಲಿ ತೊಳೆದು, ದೀಪ ಹಚ್ಚಿ, ಎಡೆ ಹಿಡಿಯುವಷ್ಟರಲ್ಲಿ ಬಸ್ಸು ಹಂಸಭಾವಿ ದಾಟಿರುತ್ತಿತ್ತು. ಅತ್ತೆ ಫಕ್ಕೀರವ್ವ ಕೆಟ್ಟ ಹೆಂಗಸಲ್ಲ. ಮೊಣಕಾಲು ನೋವಿನಿಂದ ಕೂತು ಏಳಲಾರಳು, ಅಷ್ಟೇ. ಅವಳ ಮಗ, ಅಂದರೆ ಹೇಮಾಳ ಗಂಡ ಅಂಬರೀಶ, ಗೋವಿನಜೋಳ ಹೇರಿಕೊಂಡು ಮಂಗಳೂರಿಗೆ ಲಾರಿ ಓಡಿಸುತ್ತಾನೆ. ದೇವರು ಸಿಟ್ಟಾದರೆ ಆ ಸಿಟ್ಟು ಘಟ್ಟದ ಯಾವುದೋ ತಿರುವಿನಲ್ಲಿ ಮಗನಿಗಾಗಿ ಕಾದು ನಿಂತಿರುತ್ತದೆ ಎಂಬುದು ಅವಳ ಹೆದರಿಕೆ.

ಹೇಮಾಳ ಸಂದೇಶ ಹೀಗಿತ್ತು: “ಸರ್, ನಮ್ಮತ್ತಿ ಒಂದ ಮಾತು ಕೇಳ್ಯಾರ. ಒಂದ್ ವ್ಯಾಳೆ ದೇವರು ಇದ್ರ, ದೀಪ ಹಚ್ಚಲಾರದ ಕೆಲಸಕ್ಕ ಹೋದ ಸೊಸಿ ಮ್ಯಾಲೆ ಸಿಟ್ಟಾಗ್ತಾನೋ ಇಲ್ಲೋ? ‘ನಿಮ್ಮ ಗುಂಪಿನ್ಯಾಗ ಅಷ್ಟ್ ಮಂದಿ ಶಾಣ್ಯಾರು ಅದಾರಲ್ಲ, ಸಿಟ್ಟಾಗಂಗಿಲ್ಲ ಅಂತ ಅವರರ ಹೇಳ್ಲಿ, ನಾ ಸುಮ್ನಾಗ್ತೇನಿ’ ಅಂದಾರ. ಸೋಮವಾರದೊಳಗ ತಿಳಸ್ರಿ.”

ಪ್ರಶ್ನೆ ಬಂದ ಕ್ಷಣದಿಂದ ಗುಂಪಿನಲ್ಲಿ ಹಬ್ಬದ ವಾತಾವರಣ ಉಂಟಾಯಿತು. ಶಿಗ್ಗಾಂವಿಯ ವಕೀಲ ಹುಲಗೇಶ, ಮೊದಲು ಅರ್ಜಿದಾರರ ಅತ್ತೆಯವರು ದೇವರು ಇದ್ದಾನೆಂದು ಸಾಬೀತುಪಡಿಸಲಿ, ಸಿಟ್ಟಿನ ಮಾತು ಆಮೇಲೆ ಎಂದರು. ಸವಣೂರಿನ ವೀಳ್ಯದೆಲೆ ವ್ಯಾಪಾರಿ ಮುಜಮ್ಮಿಲ, ‘ಯಾವ ದೇವರು ಅಂತ ಮೊದ್ಲ ಹೇಳ್ರಿ. ಬರೇ ಎಲಿ ಕೊಡ್ರಿ ಅಂದ್ರ ನಾ ಯಾವ ಎಲಿ ಕೊಡ್ಲಿ?’ ಎಂದು ಬರೆದರು. ಅಧ್ಯಕ್ಷರಾದ ಅಜ್ಜಪ್ಪನವರು ಊಹೆಯನ್ನು ಊಹೆಯಿಂದಲೇ ಹೊಡೆಯಬೇಕೆಂದು ಹೇಳಿ, ‘ಬಂಕಾಪುರದ ಕೋಟೆಯೊಳಗೆ ಯಾರ ಕಣ್ಣಿಗೂ ಬೀಳದ ಒಂದು ನವಿಲಿದೆ ಎಂದುಕೊಳ್ಳಿ. ಕಾಳು ಹಾಕದಿದ್ದರೆ ಅದು ಸಿಟ್ಟಾಗುತ್ತದೆಯೇ?’ ಎಂದು ಮರುಪ್ರಶ್ನೆ ಹಾಕಿದರು.

ಈ ನವಿಲಿನ ಮೇಲೆ ಚರ್ಚೆ ಗುರುವಾರದವರೆಗೆ ನಡೆಯಿತು. ಅದು ಗಂಡೋ ಹೆಣ್ಣೋ ಎಂಬಲ್ಲಿ ಭಿನ್ನಾಭಿಪ್ರಾಯ ಬಂದು ಇಬ್ಬರು ಹಳೆಯ ಸದಸ್ಯರು ಗುಂಪು ತೊರೆದರು. ಬಂಕಾಪುರ ಶಿಗ್ಗಾಂವಿ ತಾಲೂಕಿಗೆ ಸೇರಿದ್ದರಿಂದ ಕಾಣದ ನವಿಲಿನ ಬಗ್ಗೆ ಹಾನಗಲ್ಲಿನವರು ಮಾತನಾಡುವಂತಿಲ್ಲ ಎಂದು ಹುಲಗೇಶರು ಆಕ್ಷೇಪಣೆ ಎತ್ತಿದರು. ನಾನೂ ಸುಮ್ಮನೆ ಕೂತಿರಲಿಲ್ಲ. ‘ದೇವರು ಎದುರಿಗೆ ಬಂದರೆ ನಾನು ಕೇಳುವ ಪ್ರಶ್ನೆಗಳು’ ಎಂಬ ದೀರ್ಘ ಬರಹ ಹಾಕಿದೆ. ಪ್ರಪಂಚದ ಎಲ್ಲ ದುಃಖವೂ ಅದರಲ್ಲಿ ಬಂದಿತ್ತು, ಹೇಮಾಳ ಬಸ್ಸೊಂದು ಬಿಟ್ಟು. ನಿಯಮವನ್ನು ನಾನೇ ಬರೆದದ್ದೆಂದು ಯಾರೋ ನೆನಪಿಸಿದ ಮೇಲೆ ಆ ಬರಹವನ್ನು ಅಳಿಸಿದೆ. ಅಷ್ಟು ಹೊತ್ತಿಗೆ ಅದಕ್ಕೆ ಒಳ್ಳೆಯ ಮೆಚ್ಚುಗೆ ಬಂದಿತ್ತು, ಹೊಟ್ಟೆ ಉರಿಯಿತು.

ಸೋಮವಾರ ಬಂತು, ಬಸ್ಸು ಹೋಯಿತು. ಮರುದಿನ ಹೇಮಾ ಅಂಗಡಿಗೆ ಬಂದಳು. ಇನ್ನೊಂದು ಸೋಮವಾರ ತಪ್ಪಿದರೆ ಬರುವುದೇ ಬೇಡ ಎಂದು ಅಲ್ಲಿ ಹೇಳಿದ್ದರಂತೆ.

“ಶಂಭಣ್ಣಾರ, ಸಿಟ್ಟಾಗಂಗಿಲ್ಲ ಅಂತ ಒಂದ ಮಾತು ಅಂದಬಿಡ್ರಿ. ಅಷ್ಟ ಸಾಕು.”

“ಹಂಗ ಅಂದ್ರ ದೇವರು ಅದಾನ ಅಂದಂಗ ಆಕ್ಕೈತಿ ತಂಗಿ.”

“ಮತ್ತ ಸಿಟ್ಟಾಗ್ತಾನ ಅಂದ್ರ?”

“ಆಗೂ ಅದಾನ ಅಂದಂಗ.”

“ಹಂಗಾರ ನಮ್ಮತ್ತಿಗೆ ಏನ್ ಹೇಳ್ಲಿ?”

“ಪ್ರಶ್ನಿ ಪರಿಶೀಲನಾದಾಗ ಐತಿ ಅಂತ ಹೇಳು.”

ಅವಳು ಹೊರಟು ಹೋದಳು. ನಾನು ಆಡಿದ ಮಾತು ಸರಿಯಾಗಿಯೇ ಇತ್ತು, ಆದರೂ ಅವತ್ತು ನನಗೆ ಊಟ ಸೇರಲಿಲ್ಲ. ಶನಿವಾರಕ್ಕೆ ಸಮಿತಿಯ ತುರ್ತು ಸಭೆಯನ್ನು ನನ್ನ ಅಂಗಡಿಯಲ್ಲಿಯೇ ಕರೆದೆ.

ಸಭೆಯಲ್ಲಿ ದಾರಿ ತೋರಿಸಿದವರು ಹುಲಗೇಶರು. “ಸಿಟ್ಟಾಗೂದು ಬಿಡೂದು ಅವನ ಸ್ವಂತ ವಿಷಯ ಐತಿ. ಅವನ್ನ ಒಂದ ಮಾತು ಕೇಳಲಾರದ ನಾವು ತೀರ್ಮಾನ ಮಾಡಿದ್ರ ಏಕಪಕ್ಷೀಯ ಆಕ್ಕೈತಿ. ನ್ಯಾಯ ಅನ್ನೂದು ಎಲ್ಲಾರಿಗೂ ಒಂದ.”

“ಇಲ್ಲದವನ್ನ ಹೆಂಗ ಕೇಳ್ತೀರಿ ವಕೀಲರ?” ಎಂದರು ಅಜ್ಜಪ್ಪನವರು.

“ಇಲ್ಲದವನ್ನ ಅಲ್ರೀ ಸರ್. ಅದಾನ ಅಂತ ತಿಳ್ಕೊಂಡವನ್ನ. ಪ್ರಶ್ನಿಯೊಳಗ ಅವ ಆಗ್ಲೇ ಬಂದ ಕುಂತಾನಲ್ಲ.”

ತರ್ಕದಲ್ಲಿ ಯಾರಿಗೂ ದೋಷ ಕಾಣಲಿಲ್ಲ. ನೋಟಿಸು ಕೊಡುವುದೆಂದು ತೀರ್ಮಾನವಾಯಿತು. ನೋಟಿಸಿಗೆ ವಿಳಾಸ ಬೇಕು. ಯಾವುದೇ ಗುಡಿಗೆ ಅಂಟಿಸಿದರೆ ಆ ಗುಡಿಯನ್ನು ಮಾನ್ಯ ಮಾಡಿದಂತಾಗುತ್ತದೆ. ಆದ್ದರಿಂದ ನನ್ನ ಅಂಗಡಿಯಲ್ಲಿ ಕಾಗದ ಹಾರದಂತೆ ಇಡುತ್ತಿದ್ದ, ವರದಾ ಹೊಳೆಯ ಒಂದು ದುಂಡು ಕಲ್ಲನ್ನು ಆರಿಸಿ, ಕೆಟ್ಟು ನಿಂತಿದ್ದ ಹಳೆಯ ಝೆರಾಕ್ಸ್ ಮಷೀನಿನ ಮೇಲೆ ಇಟ್ಟೆವು. ಗೊಂದಲ ಬೇಡವೆಂದು ಪಕ್ಕದಲ್ಲಿ ಫಲಕ ಹಾಕಿದೆವು: ‘ಊಹಾ ದೇವರು. ಕೇವಲ ವಾದದ ಸಲುವಾಗಿ. ಕೈ ಮುಗಿಯತಕ್ಕದ್ದಲ್ಲ.’

ನೋಟಿಸಿನ ಒಕ್ಕಣೆ ಹೀಗಿತ್ತು: ‘ತಾವು ಇದ್ದೀರೆಂದು ಭಾವಿಸಲಾಗಿ ತಮಗೆ ತಿಳಿಯಪಡಿಸುವುದೇನೆಂದರೆ, ಹಿರೇಕೆರೂರಿನ ಹೇಮಾ ಎಂಬವರು ಸೋಮವಾರ ದೀಪ ಹಚ್ಚದೆ ಬಸ್ಸು ಹತ್ತಿದಲ್ಲಿ ತಾವು ಸಿಟ್ಟಾಗುವಿರೋ ಇಲ್ಲವೋ ಎಂಬುದನ್ನು ಭಾನುವಾರ ಸಂಜೆಯೊಳಗೆ ಖುದ್ದಾಗಿ ಅಥವಾ ವಕೀಲರ ಮುಖಾಂತರ ಹಾಜರಾಗಿ ತಿಳಿಸತಕ್ಕದ್ದು. ತಪ್ಪಿದಲ್ಲಿ ತಾವು ಇಲ್ಲವೆಂದೇ ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು.’

ಭಾನುವಾರ ಸಂಜೆಯವರೆಗೆ ಯಾರೂ ಹಾಜರಾಗಲಿಲ್ಲ. ಪ್ರಕರಣ ಮುಗಿಸಬೇಕೆನ್ನುವಷ್ಟರಲ್ಲಿ ಮುಜಮ್ಮಿಲ ಅಡ್ಡ ಬಾಯಿ ಹಾಕಿದರು. “ಅವ್ನಿಗೆ ಬಾಯಿಲೆ ಮಾತಾಡೋ ರೂಢಿ ಎಲ್ಲೈತಿ? ಈ ಕಡೆ ಮಂದಿ ಹೂ ಹಚ್ಚಿ ಕೇಳ್ತಾರ. ರೂಢಿ ಹೆಂಗೈತಿ ಹಂಗ ಕೇಳಬೇಕು.” ನಮ್ಮ ಕಡೆ ದೇವರನ್ನು ಪ್ರಸಾದ ಕೇಳುವುದು ಹಾಗೆಯೇ. ಮೂರ್ತಿಯ ಎರಡೂ ಬದಿಗೆ ಒದ್ದೆ ಹೂವಿನ ಎಸಳು ಹಚ್ಚಿ ಕಾಯುತ್ತ ಕೂರುತ್ತಾರೆ. ಬಲಗಡೆಯದು ಬಿದ್ದರೆ ಒಳ್ಳೆಯದು, ಎಡಗಡೆಯದು ಬಿದ್ದರೆ ಇಲ್ಲ. ಪ್ರತಿವಾದಿಗೆ ಅನುಕೂಲವಾದ ಭಾಷೆಯಲ್ಲಿ ಉತ್ತರಿಸಲು ಅವಕಾಶ ಕೊಡಬೇಕೆಂದು ಹುಲಗೇಶರೂ ಹೇಳಿದರು. ಹೂ ಹಚ್ಚುವುದು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಹೇಮಾ ಹೋಗಿ ಅತ್ತೆಯನ್ನೇ ಕರೆತಂದಳು.

ಫಕ್ಕೀರವ್ವ ಫಲಕವನ್ನು ಓದಲಿಲ್ಲ, ಅವಳಿಗೆ ಓದಲು ಬಾರದು. ಎಸಳುಗಳನ್ನು ನೀರಿನಲ್ಲಿ ಅದ್ದಿ ಕಲ್ಲಿನ ಎರಡೂ ಬದಿಗೆ ಹಚ್ಚಿ, “ನನ್ನ ಸೊಸಿ ಬಸ್ಸಿಗೆ ಹೋದ್ರ ನಿನಗ ಸಿಟ್ಟಿಲ್ಲ ಅಂದ್ರ ಬಲಕ್ಕ ಕೊಡಪಾ” ಎಂದಳು. ಪ್ರಯೋಗ ಶುದ್ಧವಾಗಿರಬೇಕೆಂದು ಅಜ್ಜಪ್ಪನವರು ಫ್ಯಾನು ಬಂದ್ ಮಾಡಿಸಿದರು. ನಾವೆಲ್ಲ ಉಸಿರು ಬಿಗಿಹಿಡಿದು ಆ ಕಲ್ಲನ್ನೇ ನೋಡುತ್ತ ನಿಂತೆವು. ಝೆರಾಕ್ಸಿಗೆ ಬಂದ ಇಬ್ಬರು ಗಿರಾಕಿಗಳನ್ನು ನಾನು ಕೈಸನ್ನೆಯಿಂದಲೇ ವಾಪಸು ಕಳಿಸಿದೆ.

ಬಲಗಡೆಯ ಎಸಳು ಬಿತ್ತು.

“ಆತು” ಎಂದಳು ಫಕ್ಕೀರವ್ವ. ಕಣ್ಣಲ್ಲಿ ನೀರು ಬಂದಿತ್ತು. “ನನ್ನ ಜೀವ ಹಗರಾತು. ಹೇಮಾ, ನಾಳಿಂದ ಹೊತ್ತಿಗೆ ಸರಿಯಾಗಿ ಹೋಗವಾ.” ಸೋಮವಾರ ಹೇಮಾ ಮೊದಲ ಬಸ್ಸಿಗೆ ಹೋದಳು. ನಾನು ಅಂಗಡಿಯಿಂದಲೇ ನೋಡಿದೆ, ನಿಜವಾಗಿಯೂ ಸಂತೋಷವಾಯಿತು.

ಇನ್ನು ಉಳಿದದ್ದು ಕಲ್ಲನ್ನು ತೆಗೆಯುವುದು. ಕಾರ್ಯದರ್ಶಿಯೇ ತೆಗೆಯಬೇಕೆಂದು ಅಧ್ಯಕ್ಷರು ಹೇಳಿದರು. ಊಹೆಗೆ ಸೂಚನೆ ಕೊಟ್ಟವರೇ ತೆಗೆಯಬೇಕೆಂದು ನಾನು ವಕೀಲರಿಗೆ ಹೇಳಿದೆ. ಅವರು ತಮಗೆ ಬೆನ್ನುನೋವಿದೆ ಎಂದರು. ಕಲ್ಲು ಒಂದು ಮುಷ್ಟಿಯಲ್ಲಿ ಹಿಡಿಯುವಷ್ಟಿತ್ತು. ಮುಜಮ್ಮಿಲ, “ನಾ ಯಾಕ ಮುಟ್ಟಲಪಾ, ಇದು ನಿಮ್ಮ ಕಡಿ ಊಹಾ” ಎಂದುಬಿಟ್ಟರು. ಯಾರೂ ಹೆದರಿರಲಿಲ್ಲ. ಪ್ರತಿಯೊಬ್ಬರಿಗೂ ಸೂಕ್ತ ಕಾರಣಗಳಿದ್ದವು.

ಕಲ್ಲು ಉಳಿಯಿತು. ಊಹೆ ಜಾರಿಯಲ್ಲಿರುವವರೆಗೆ ಅದಕ್ಕೆ ಸಲ್ಲಬೇಕಾದ್ದು ಸಲ್ಲದಿದ್ದರೆ ಊಹೆ ಅಪೂರ್ಣವಾಗುತ್ತದೆ ಎಂದು ಅಜ್ಜಪ್ಪನವರು ವಿವರಿಸಿದ ಮೇಲೆ ದಿನಕ್ಕೊಂದು ದೀಪವೂ ಮಂಜೂರಾಯಿತು. ಸರದಿಯ ಪಟ್ಟಿ ಹಾಕಿದಾಗ ಸೋಮವಾರ ಹಿರೇಕೆರೂರು ತಾಲೂಕಿಗೆ ಬಂತು. ಹಿರೇಕೆರೂರಿನಲ್ಲಿ ಇದ್ದವರು ಹೇಮಾ ಮತ್ತು ನಾನು. ಜಾಗ ಕೊಟ್ಟವನೆಂದು ನನಗೆ ವಿನಾಯಿತಿ ಸಿಕ್ಕಿತು. ವಿನಾಯಿತಿಯನ್ನು ಸೂಚಿಸಿದವನೂ ನಾನೇ.

ಮುಂದಿನ ಸೋಮವಾರ ಮೊದಲ ಸೇವೆಯ ಪರಿಶೀಲನೆಗೆ ಸಮಿತಿಯ ಉಳಿದ ಮೂವರೂ ನಸುಕಿನಲ್ಲಿಯೇ ಬಂದಿದ್ದರು. ಹೇಮಾ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಬಂದು, ಕಲ್ಲು ತೊಳೆದು, ಬತ್ತಿ ಹೊಸೆಯುತ್ತ ಕುಳಿತಳು. ಎದುರಿಗೆ ಬಸ್ಸಿನ ಎಂಜಿನ್ ಶುರುವಾಯಿತು. ಅವಳು ಬತ್ತಿ ಕೆಳಗಿಟ್ಟಳು.

“ಸರ್, ಒಂದ್ ವ್ಯಾಳೆ ದೇವರು ಇಲ್ಲಾ ಅಂತ ತಿಳ್ಕೊಳ್ರಿ” ಎಂದಳು. “ನಾ ಈ ಬಸ್ಸಿಗೆ ಹೋಗಬಹುದಲ್ರಿ?”

ಅಜ್ಜಪ್ಪನವರು, “ತಂಗಿ, ಇದು ಊಹಾ ಪ್ರಶ್ನಿ ಆತು. ಹಂಗ ನಿಂತ ನಿಲುವಿನ್ಯಾಗ ಉತ್ತರ ಕೊಡಾಕ ಬರೂದಿಲ್ಲ” ಎಂದರು.

ಅಷ್ಟರಲ್ಲಿ ಸೊಸೆ ಮರೆತು ಬಂದ ಬುತ್ತಿಯನ್ನು ಹಿಡಿದು, ಕುಂಟುತ್ತ, ಫಕ್ಕೀರವ್ವ ಬಾಗಿಲಿಗೆ ಬಂದಳು. ಬಸ್ಸನ್ನೂ ಬತ್ತಿಯನ್ನೂ ನಮ್ಮನ್ನೂ ನೋಡಿದಳು.

“ಸಿಟ್ಟಾಗಂಗಿಲ್ಲ ಅಂತ ನಿಮ್ಮ ಕಣ್ಮುಂದ ಹೂ ಕೊಟ್ಟಾನ. ನಾ ನಂಬೇನಿ. ನೀವ್ಯಾಕ ನಂಬವಲ್ರಿ ಯಪ್ಪಾ?”

ಅವಳು ಬುತ್ತಿಯನ್ನು ಹೇಮಾಳ ಕೈಗಿಟ್ಟು, ಬೆನ್ನಿಗೆ ಕೈಹಚ್ಚಿ ಹೊರಗೆ ಕಳಿಸಿದಳು. ಹೇಮಾ ಓಡಿದಳು. ಕಂಡಕ್ಟರು ಸೀಟಿ ಊದಿ ಬಸ್ಸು ನಿಲ್ಲಿಸಿ ಹತ್ತಿಸಿಕೊಂಡ. ಫಕ್ಕೀರವ್ವ ನಿಧಾನವಾಗಿ ಮನೆ ಕಡೆ ನಡೆದಳು.

ಅಂಗಡಿಯೊಳಗೆ ನಾಲ್ವರು ನಾಸ್ತಿಕರು ಮತ್ತು ಹಚ್ಚದ ದೀಪ ಉಳಿದೆವು.

ಅಂಬರೀಶನ ಲಾರಿ ಆಗ ಘಟ್ಟ ಇಳಿಯುತ್ತಿರಬೇಕು ಎಂದು ಹುಲಗೇಶರು ಯಾರಿಗೂ ಅಲ್ಲವೆಂಬಂತೆ ಹೇಳಿದರು. ಮಳೆಯೂ ಇದೆಯಂತೆ ಎಂದರು ಮುಜಮ್ಮಿಲ. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಕಡ್ಡಿ ಗೀರಿದೆ. ಎರಡು ಕಡ್ಡಿ ಕೆಟ್ಟು, ಮೂರನೆಯದರಿಂದ ದೀಪ ಹೊತ್ತಿತು. ಅಜ್ಜಪ್ಪನವರು ಎರಡೂ ಅಂಗೈಗಳನ್ನು ದೀಪದ ಮುಂದೆ ಜೋಡಿಸಿ ಹಿಡಿದರು, ಅದು ಗಾಳಿಗೆ ಅಡ್ಡವಾಗಿ ಎಂದು ಸಭೆಯ ನಡವಳಿಯಲ್ಲಿ ದಾಖಲಾಗಿದೆ. ಮುಜಮ್ಮಿಲ ಚೀಲದಿಂದ ಎರಡು ಎಲೆ ತೆಗೆದು ಕಲ್ಲಿನ ಮುಂದೆ ಇಟ್ಟು, ವ್ಯಾಪಾರದ ಸ್ಯಾಂಪಲ್ಲು ಎಂದರು. ಅಂಬರೀಶ ಮಂಗಳೂರು ಮುಟ್ಟಿದ ಸುದ್ದಿ ಮಧ್ಯಾಹ್ನ ಬರುವವರೆಗೆ ಯಾರೂ ಊರಿಗೆ ಹೋಗಲಿಲ್ಲ.

ದೇವರು ಇಲ್ಲವೆಂದು ಊಹಿಸಿದರೆ ಏನೇನು ಮಾಡಬಹುದು ಎಂಬ ಹೇಮಾಳ ಪ್ರಶ್ನೆಯನ್ನು ಪರಿಶೀಲಿಸಲು ಹುಲಗೇಶರ ಅಧ್ಯಕ್ಷತೆಯಲ್ಲಿ ಉಪಸಮಿತಿ ರಚಿಸಲಾಗಿದೆ. ಹೇಮಾ ಗುಂಪು ತೊರೆದಿದ್ದಾಳೆ. ಸೋಮವಾರ ಬಸ್ಸಿನ ಕಿಟಕಿಯಿಂದ ಕೈ ಬೀಸುತ್ತಾಳೆ. ವರದಿ ಬರುವವರೆಗೆ ಈಗಿನ ವ್ಯವಸ್ಥೆಯೇ ಮುಂದುವರಿಯತಕ್ಕದ್ದೆಂದು ಎಲ್ಲರೂ ಒಪ್ಪಿದ್ದಾರೆ. ಸೋಮವಾರದ ದೀಪ ನನ್ನದು.