ಲೇಡೀಸ್ ಸೈಕಲ್ಲಿಗೆ ಗಂಡಸಿನ ಹೆಸರು

ಗೆದ್ದಿತು! ನಿನ್ನೆ ಸಿಂಧನೂರಿನಲ್ಲಿ ನಡೆದ ಹಳೆ ಸೈಕಲ್ಲುಗಳ ಪ್ರದರ್ಶನದಲ್ಲಿ ನಮ್ಮ ಸೈಕಲ್ಲು ಬಹುಮಾನ ಗೆದ್ದಿತು! ಎಷ್ಟು ಜೋರಾಗಿ ಓಡಿತು ಎಂದು ಮಸ್ಕಿಯ ನಮ್ಮ ಓಣಿಯವರೆಲ್ಲ ಕೇಳುತ್ತಾರೆ. ಓಡುವುದೆಲ್ಲಿ ಬಂತು? ನಿಂತಲ್ಲೇ ನಿಂತು ಗೆದ್ದಿತು! ಅದನ್ನು ನಿಲ್ಲಿಸಿದವಳು ನನ್ನ ಮೊಮ್ಮಗಳು. ಅವಳ ತಲೆಯಲ್ಲಿ ಒಂದು ನಟ್ಟು ಸಡಿಲ ಇದೆ ಎಂದು ಈಗ ಊರೆಲ್ಲ ಹೇಳುತ್ತದೆ. ಆದರೆ ಮೊದಲು ಕಂಡುಹಿಡಿದವಳು ನಾನು. ನಾಲ್ಕನೇ ಕ್ಲಾಸು ಓದಿದವಳಿಗೆ ಇಷ್ಟಾದರೂ ಹೆಸರು ಬರಬೇಡವೇ?

ಅವಳಿಗೆ ಲಿಂಗಸುಗೂರಿನಲ್ಲಿ ಸರಕಾರಿ ನೌಕರಿ. ಮೊದಲ ಪಗಾರದಲ್ಲಿ ಬೇರೆ ಹುಡುಗಿಯರು ಏನು ತರುತ್ತಾರೆ? ಸೀರೆ, ಕಿವಿಯೋಲೆ, ಬಹಳವಾದರೆ ಸ್ಕೂಟಿ. ನಮ್ಮವಳು ಸಿಂಧನೂರು ಹತ್ತಿರದ ಆರ್.ಎಚ್. ಕ್ಯಾಂಪಿನ ಗುಜರಿ ಅಂಗಡಿಯಿಂದ ತುಕ್ಕು ಹಿಡಿದ ಲೇಡೀಸ್ ಸೈಕಲ್ಲೊಂದನ್ನು ಹೊತ್ತು ತಂದಳು. ಗಾಲಿಯಿಲ್ಲ, ಸೀಟಿಲ್ಲ, ಬಾರಿಸಲು ಗಂಟೆಯೂ ಇಲ್ಲ! ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೆಟ್ ಹರಿಯಲು ಹೊರಟಾಗ ಇವಳು ಹೇಳಿದಳಂತೆ:

“ಲೇಡೀಸ್ ಸೈಕಲ್ ಐತ್ರಿ ಅಣ್ಣ. ಹೆಣ್ಮಕ್ಕಳಿಗೆ ಬಸ್ ಫ್ರೀ ಅಲ್ಲೇನು?”

“ಹಂಗಾದ್ರ ಆಧಾರ್ ಕಾರ್ಡ್ ತೋರ್ಸಾಕ ಹೇಳವ್ವ ಅದಕ್ಕ!” ಎಂದನಂತೆ ಕಂಡಕ್ಟರ್.

ಅಂದಿನಿಂದ ನನ್ನ ಅಂಗಳ ನನ್ನದಾಗಿ ಉಳಿಯಲಿಲ್ಲ. ಉಪ್ಪಿನಕಾಯಿ ಭರಣಿಯಲ್ಲಿ ಡೀಸೆಲ್ ತುಂಬಿ ಚೈನು ನೆನೆಹಾಕಿದಳು. ನಮ್ಮ ಮನೆಯವರು ರೊಟ್ಟಿ ಹಿಡಿದುಕೊಂಡು ಹೋಗಿ ಅದರಲ್ಲಿ ಬೆರಳು ಅದ್ದಿದ ಕಥೆಯನ್ನು ಇಲ್ಲಿ ಹೇಳದಿರುವುದೇ ಒಳ್ಳೆಯದು! ಇಲ್ಲದ ಸಾಮಾನು ಹುಡುಕಲು ರಜೆ ಬಂದಾಗಲೆಲ್ಲ ಹಳ್ಳಿ ಸುತ್ತಿದಳು. ಮುಕ್ಕುಂದದಲ್ಲಿ ಒಬ್ಬ ಮುದುಕಿಯ ಬಾಗಿಲಲ್ಲಿ ನಿಂತು, “ನಿಮ್ಮ ಮನ್ಯಾಗ ಓಡದ ಸೈಕಲ್ ಏನರ ಬಿದ್ದಾವೇನ್ರಿ?” ಎಂದು ಕೇಳಿದಳಂತೆ.

“ಸೈಕಲ್ ಇಲ್ಲವ್ವ. ನಮ್ಮ ಮುದುಕ ಅದಾನ, ಅವನೂ ಓಡಂಗಿಲ್ಲ. ಒಯ್ತೀಯೇನು?”

ಆದರೂ ಆ ಮುದುಕಿಯ ಅಟ್ಟದ ಮೇಲೆಯೇ ಹಿತ್ತಾಳೆ ಗಂಟೆ ಸಿಕ್ಕಿತು! ಒಂದೊಂದೇ ಕಡ್ಡಿ ಪೋಣಿಸಿ ಗಾಲಿ ಕಟ್ಟಿದಳು. ಯಾರೋ ಬಳಿದಿದ್ದ ಕರಿ ಬಣ್ಣವನ್ನು ಮೆಲ್ಲಗೆ ಕೆರೆದಾಗ ಕೆಳಗಿನಿಂದ ಭತ್ತದ ಸಸಿಯಂಥ ಹಸಿರು ಕಂಡಿತು. ಅಂದು ಅವಳು ಕುಣಿದದ್ದನ್ನು ನೀವು ನೋಡಬೇಕಿತ್ತು! ಆದರೆ ಆ ಹಸಿರಿನ ಮೇಲಿದ್ದ ಹಳೆ ಗೀರುಗಳಿಗೆ ಮಾತ್ರ ಬಣ್ಣ ಹಚ್ಚಲಿಲ್ಲ.

“ಅವು ಗೀರಲ್ಲ ಅಜ್ಜಿ, ಇತಿಹಾಸ. ಹಳೇದು ಹೆಂಗಿತ್ತೋ ಹಂಗ ಇರಬೇಕು. ಅದನ್ನ ನೋಡೇ ಫಸ್ಟ್ ಪ್ರೈಜ್ ಕೊಡ್ತಾರ.”

“ಹಂಗಾದ್ರ ನಮ್ಮ ಗ್ವಾಡಿ ತುಂಬ ಇತಿಹಾಸ ಐತಿ. ವರ್ಷಾ ಸುಣ್ಣ ಯಾಕ ಹಚ್ಚಬೇಕು?” ಎಂದೆ ನಾನು.

ಪ್ರದರ್ಶನದ ಹಿಂದಿನ ದಿನ ನಾನೊಂದು ಬುದ್ಧಿವಂತಿಕೆ ಮಾಡಿದೆ. ನಮ್ಮ ಮನೆಯ ತಂಬಿಗೆ, ತಾಟು, ಕೊಡ ಎಲ್ಲದರ ಮೇಲೂ ಯಜಮಾನರ ಹೆಸರು ಹಾಕಿಸಿದ್ದೇವೆ. ಯಾರ ಮದುವೆಗೆ ಹೋದರೂ ಪಾತ್ರೆ ತಪ್ಪದೆ ಮನೆಗೆ ಮರಳುತ್ತದೆ. ಹಾಗಿರುವಾಗ ಇಷ್ಟು ಕಷ್ಟಪಟ್ಟು ಮಾಡಿದ ಸೈಕಲ್ಲನ್ನು ಹೆಸರಿಲ್ಲದೆ ಕಳಿಸುವುದೇ? ಆ ಪಾತ್ರೆಗಳಿಗೆಲ್ಲ ಹೆಸರು ಹಾಕಿದ್ದ ಚಾಚಾ ಓಣಿಯಲ್ಲಿ ಬಂದಿದ್ದರು. ಕೂಗಿ ಕರೆದೆ. ಟಕಟಕ ಟಕಟಕ, ಚೈನ್ ಕವರ್ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಮೂಡಿಯೇ ಬಿಟ್ಟಿತು! ಯಾವ ಹೆಸರೆಂದು ಅವರು ಕೇಳಬೇಕಾಗಲಿಲ್ಲ. ಕೇಳಿದ್ದರೂ ನಾನು ಹೇಳುವವಳಲ್ಲ. ಮದುವೆಯಾದಂದಿನಿಂದ ಗಂಡನ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ, ಕಾಯಬೇಡಿ!

ಸಂಜೆ ಮೊಮ್ಮಗಳು ಬಂದು ನೋಡಿದವಳೇ ಆ ಚುಕ್ಕಿಗಳನ್ನು ಬೆರಳಿನಿಂದ ತಿಕ್ಕಿದಳು.

“ಅಜ್ಜಿ, ಏನ್ ಮಾಡೀದಿ? ಒಂದು ಹಳೇ ಗೀರು ಸೈತ ನಾ ಮುಟ್ಟಿರಲಿಲ್ಲ. ಪ್ರೈಜ್ ಹೋತು!”

“ನಿಂದು ಪ್ರೈಜ್ ಹೋತು, ನಂದು ಮಾನ ಹೋತು,” ಎಂದರು ನಮ್ಮ ಮನೆಯವರು. “ಲೇಡೀಸ್ ಸೈಕಲ್ ಮ್ಯಾಲ ನನ್ನ ಹೆಸರು!”

ಸಿಂಧನೂರು ಮುಟ್ಟುವವರೆಗೆ ಅವಳು ನನ್ನ ಜೊತೆ ಮಾತಾಡಲಿಲ್ಲ. ಮೈದಾನದಲ್ಲಿ ಸೈಕಲ್ಲುಗಳೋ ಸೈಕಲ್ಲುಗಳು! ನಮ್ಮ ಪಕ್ಕದಲ್ಲೇ ಬಳಗಾನೂರಿನವರದೊಂದು ಹಸಿರು ಲೇಡೀಸ್ ಸೈಕಲ್ಲು, ನಮ್ಮದರ ಅವಳಿಯೇ! ನಾನು ನೀರು ಕುಡಿದು ತಿರುಗುವಷ್ಟರಲ್ಲಿ ಅವಳಿಗಳಲ್ಲಿ ಒಂದೇ ಉಳಿದಿತ್ತು. ಅದರ ಚೈನ್ ಕವರ್ ನೋಡಿದೆ. ಹೆಸರಿಲ್ಲ! ಮೊಮ್ಮಗಳು ಅಳುತ್ತ ಗೇಟಿನ ಕಡೆಗೆ ಓಡಿದಳು. ನಮ್ಮ ಮನೆಯವರು ಚಹಾಕ್ಕೆ ಹೋಗಿದ್ದರು. ನಾನು ಮೈಕಿನವನ ಬಳಿ ಓಡಿದೆ.

“ಸೈಕಲ್ ಕಳದೈತಪ್ಪ, ಲಗೂನ ಕೂಗು! ಹಸರು ಲೇಡೀಸ್ ಸೈಕಲ್. ಮ್ಯಾಲ ಹೆಸರು ಐತಿ.”

“ಏನ್ ಹೆಸರವ್ವ?”

“ನಮ್ಮ ಮನಿಯವ್ರದು.”

“ಮನಿಯವ್ರಿಗೆ ಹೆಸರಿಲ್ಲೇನು?”

“ಐತಿ. ನಾ ಹೇಳಂಗಿಲ್ಲ.”

“ನೀ ಹೇಳಲಿಲ್ಲಂದ್ರ ನಾ ಏನಂತ ಕೂಗ್ಲಿ?” ಎಂದು ಅವನು ಮೈಕನ್ನೇ ನನ್ನ ಬಾಯಿಗೆ ಹಿಡಿದ. ಗೇಟಿನ ಆಚೆ ಟೆಂಪೋ ಒಂದು ಗುರ್ ಎಂದಿತು. ಮೊಮ್ಮಗಳು ಅದರ ಹಿಂದೆ ಓಡುವುದು ಕಂಡಿತು. ಕಣ್ಣು ಮುಚ್ಚಿಕೊಂಡು ಹೇಳಿಯೇ ಬಿಟ್ಟೆ. ಬರೀ ಹೆಸರಲ್ಲ, ಅಡ್ಡಹೆಸರಿನ ಸಮೇತ!

ಮೊದಲು ಓಡಿ ಬಂದವರು ಯಾರೆನ್ನುತ್ತೀರಿ? ನಮ್ಮ ಮನೆಯವರೇ! ಕೈಯಲ್ಲಿ ಚಹಾದ ಕಪ್ಪು. “ನಾ ಕಳದಿಲ್ಲ! ಇಲ್ಲೇ ಚಾ ಕುಡ್ಯಾಕತ್ತೀನಿ!” ಮೈದಾನಕ್ಕೆ ಮೈದಾನವೇ ನಕ್ಕಿತು. ಅವರ ಹಿಂದೆಯೇ ಬಳಗಾನೂರಿನ ಹಿರಿಯರೊಬ್ಬರು ನಮ್ಮ ಸೈಕಲ್ಲು ನೂಕಿಕೊಂಡು ಬಂದರು, ಜೊತೆಗೆ ಕಣ್ಣೊರೆಸಿಕೊಳ್ಳುತ್ತ ಮೊಮ್ಮಗಳು. “ಲಗೂನ ಊರಿಗೆ ಹೋಗೋ ಅವಸರದಾಗ ನಮ್ಮದೇ ಅಂತ ಟೆಂಪೋಕ್ಕ ಏರಿಸಿದ್ವಿ ತಾಯಿ. ಮೈಕ್ ಕೇಳಿ ನೋಡಿದ್ರ ಗಂಡಸರ ಹೆಸರು ಐತಿ!”

ಆಮೇಲೆ ಗಂಡಸಿನ ಹೆಸರಿನ ಲೇಡೀಸ್ ಸೈಕಲ್ಲು ನೋಡಲು ಜನವೋ ಜನ! ಫಸ್ಟ್ ಪ್ರೈಜು ಬೇರೆಯವರಿಗೆ ಹೋಯಿತು, ಚುಕ್ಕಿಗಳು ಹೊಸವು ಎಂಬ ಕಾರಣಕ್ಕೆ. ಆದರೆ ಜನರೇ ಆರಿಸುವ ಬಹುಮಾನ ಒಂದಿತ್ತು. ಅದು ನಮ್ಮದಲ್ಲದೆ ಇನ್ನಾರದು? ಮೊಮ್ಮಗಳು ಎಣ್ಣೆಗೈಯಲ್ಲೇ ನನ್ನನ್ನು ತಬ್ಬಿಕೊಂಡಳು. ಸೀರೆ ಹಾಳಾಯಿತು, ಆಗಲಿ!

“ಆ ಹೆಸರು ತಿಕ್ಕಿ ತೆಗಸ್ಲೇನವ್ವ?” ಎಂದು ಕೇಳಿದೆ.

“ಮುಟ್ಟಿದ್ರ ನೋಡು! ಅದೂ ಈಗ ಇತಿಹಾಸ.”

ಸಂಜೆ ಮಸ್ಕಿಯ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತರು. ಸೈಕಲ್ಲನ್ನೂ ಪಡಸಾಲೆಗೆ ತಂದು ನಿಲ್ಲಿಸಿದ್ದರು. ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ. ನಾನು ಎಂದಿನಂತೆ ಬಡಿಸುತ್ತ ನಿಂತಿದ್ದೆ. ಎಲ್ಲರೂ ಎದ್ದ ಮೇಲೆಯೇ ನನ್ನ ಊಟ. ನಮ್ಮ ಮನೆಯವರು ತಾಟು ನೋಡುತ್ತಲೇ ಹೇಳಿದರು:

“ಶಾಂತಮ್ಮ, ನೀನೂ ಕುಂದ್ರು.”

ಯಾರು ಬಂದರೆಂದು ನಾನು ಬಾಗಿಲ ಕಡೆಗೆ ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಇಷ್ಟು ವರ್ಷ ನಾನು ಅವರಿಗೆ ‘ಏ’, ‘ಇಕಿ’, ‘ಕೇಳಿಸ್ತೇನು’.

“ನಿನಗೇ ಹೇಳಾಕತ್ತೀನಿ,” ಎಂದರು. “ಮೈಕ್ ಬೇಕೇನು?”

ಯಾರೂ ನಗಲಿಲ್ಲ. ಮೊಮ್ಮಗಳು ಸರಿದು ಜಾಗ ಮಾಡಿ, ಒಂದು ತಾಟು ತಂದು ಅವರ ಪಕ್ಕದಲ್ಲಿಟ್ಟಳು. ನಾನು ಕುಳಿತೆ. ರೊಟ್ಟಿ ಇನ್ನೂ ಬಿಸಿಯಾಗಿತ್ತು.