ಎರಡು ಇಂಜಿನ್ನಿಗೆ ಒಂದು ಹೂವು

ಹಾವೇರಿಯ ಶಂಕರಪ್ಪನವರು ನಾಗಪುರದ ಇತವಾರಿ ಪೇಟೆಯಲ್ಲಿ ಮೆಣಸಿನಕಾಯಿ ಮಾರಿ ಇಡೀ ವಿದರ್ಭದ ಕಣ್ಣಲ್ಲಿ ನೀರು ತರಿಸಿದವರು. ಅವರ ಕಣ್ಣಲ್ಲಿ ನೀರು ತರಿಸುವ ಭಾಗ್ಯ ಮಾತ್ರ ಒಂದು ಜೀಪಿಗೆ ಒಲಿದಿತ್ತು.

ಎಂಬತ್ತೆರಡರಲ್ಲಿ ಕಾಮಠಿಯ ಮಿಲಿಟರಿ ಹರಾಜಿನಲ್ಲಿ ಕೊಂಡ ಜೀಪು ಅದು. ಶಂಕರಪ್ಪನವರ ಪ್ರಕಾರ ಅರವತ್ತೈದರ ಯುದ್ಧದಲ್ಲಿ ಶತ್ರುಗಳನ್ನು ಅಟ್ಟಿಸಿಕೊಂಡು ಹೋಗಿದ್ದು. ಅವರ ಧರ್ಮಪತ್ನಿ ಶಿವಕ್ಕನ ಪ್ರಕಾರ ಶತ್ರುಗಳೇ ನಮಗೆ ಬೇಡವೆಂದು ಗಡಿಯವರೆಗೆ ತಳ್ಳಿಕೊಂಡು ಬಂದು ಬಿಟ್ಟುಹೋದದ್ದು. ಪಂಪಿನಲ್ಲಿ ಪೆಟ್ರೋಲ್ ತುಂಬಿಸಿ ಮನೆಗೆ ಬಂದರೆ, ಮತ್ತೆ ಪಂಪಿಗೆ ಹೋಗುವಷ್ಟು ಮಾತ್ರ ಉಳಿಯುತ್ತಿತ್ತು. ಅದು ಒಮ್ಮೆ ಕೆಮ್ಮಿದರೆ ಕೋರಾಡಿಯ ವಿದ್ಯುತ್ ಸ್ಥಾವರದ ಚಿಮಣಿಗಳು ನಾಚಿಕೊಂಡು ಅರ್ಧ ಗಂಟೆ ಹೊಗೆ ಬಿಡುವುದನ್ನೇ ನಿಲ್ಲಿಸುತ್ತಿದ್ದವು.

ಎಂಬತ್ತಾರರ ದಸರೆಯ ದಿನ ಅದಕ್ಕೆ ಪೂಜೆಯಾಯಿತು. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಶಂಕರಪ್ಪ ಕೀಲಿ ತಿರುಗಿಸಿದರು. ಒಳಗೆ ಯಾರೋ ಕಬ್ಬಿಣದ ಕಪಾಟು ಕೆಡವಿದಂತೆ ಒಂದು ಶಬ್ದ, ಆಮೇಲೆ ಮಹಾಮೌನ. ನಿಂಬೆಹಣ್ಣು ಇಡಿಯಾಗಿಯೇ ಉಳಿಯಿತು. ಮಧ್ಯಾಹ್ನ ಶಿವಕ್ಕ ಅದನ್ನು ಚಿತ್ರಾನ್ನಕ್ಕೆ ಹಿಂಡಿದಳು.

ಬೇರೆ ಸಮಯವಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ದೀಪಾವಳಿಗೆ ಶಿವಕ್ಕನ ತಮ್ಮ ಮರಿಯಪ್ಪ ಹಾವೇರಿಯಿಂದ ಬರುವವನಿದ್ದ. ಅವನ ಕಾಗದ ಆಗಲೇ ಬಂದು ಕೂತಿತ್ತು: ‘ಭಾವಾರ, ನಾಲ್ಕ ವರ್ಷದಿಂದ ನಿಮ್ಮ ಜೀಪಿನ ಪರಾಕ್ರಮ ಓದೇ ಓದೇನಿ. ಈ ಸಲ ಅದರಾಗ ಕುಂತು ರಾಮಟೇಕಕ್ಕ ಹೋಗೂಣು. ಇಲ್ಲಂದ್ರ ನಿಮ್ಮ ಜೀಪು ಪೋಸ್ಟ್‌ಕಾರ್ಡಿನ ಮ್ಯಾಲಷ್ಟ ಓಡತೈತಿ ಅಂತ ಊರ ತುಂಬ ಹೇಳತೇನಿ.’ ಹಾವೇರಿಯಲ್ಲಿ ಹೋದ ಮಾನ ನಾಗಪುರದಲ್ಲಿ ಎಷ್ಟು ಮೆಣಸಿನಕಾಯಿ ಮಾರಿದರೂ ಬರುವಂಥದಲ್ಲ.

ಜೀಪನ್ನು ಮೊದಲು ನೋಡಿದವನು ಅಪ್ಪಚ್ಚು. ಮಿಲಿಟರಿ ವರ್ಕ್‌ಶಾಪಿನಿಂದ ನಿವೃತ್ತನಾಗಿ ಕಾಮಠಿಯಲ್ಲೇ ಗ್ಯಾರೇಜು ಇಟ್ಟಿದ್ದ ಕೊಡಗಿನವನು. ಇಂಜಿನ್ನಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, “ಜೀವ ಇದೆ ಸಾರ್. ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿದ್ರೆ ಇನ್ನೊಂದು ಯುದ್ಧ ಮಾಡುತ್ತೆ. ವಯಸ್ಸಾಯ್ತು ಅಂತ ಹೆತ್ತ ತಾಯಿನ ಬದಲಾಯಿಸ್ತಾರಾ?” ಎಂದ.

ಸಂಜೆ ಗಾಂಧೀಬಾಗಿನ ಮೇಶ್ರಾಮ್ ಮಿಸ್ತ್ರಿ ಬಂದ. ಅವನು ಕಿವಿಯಿಡಲಿಲ್ಲ, ಕಾಲಿನಿಂದ ಒದ್ದು ನೋಡಿದ. “ಸೇಠ್‌ಜೀ, ಮರ್ ಗಯಾ. ಡೀಸೆಲ್ ಇಂಜನ್ ಬಿಠಾ ದೋ, ಖಲ್ಲಾಸ್,” ಎಂದ. ಸತ್ತವರಿಗೆ ಯಾರೂ ಔಷಧ ಕುಡಿಸುವುದಿಲ್ಲವೆಂಬುದು ಅವನ ಸಿದ್ಧಾಂತ.

ಅಂದಿನಿಂದ ಶಂಕರಪ್ಪನವರು ಗಡಿಯಾರದ ಲೋಲಕವಾದರು. ಬೆಳಿಗ್ಗೆ ಅಪ್ಪಚ್ಚು ಮಾತಾಡಿದರೆ ರಿಪೇರಿಯ ಪಕ್ಷ, ಸಂಜೆ ಮೇಶ್ರಾಮ್ ಸಿಕ್ಕರೆ ಡೀಸೆಲ್ ಪಕ್ಷ. ಒಂದು ವಾರದಲ್ಲಿ ಹದಿನಾಲ್ಕು ಸಲ ಪಕ್ಷಾಂತರ. (ಪಕ್ಷಾಂತರ ನಿಷೇಧದ ಕಾಯಿದೆ ಹಿಂದಿನ ವರ್ಷವೇ ಬಂದಿತ್ತು, ಗಂಡಂದಿರಿಗೆ ಅನ್ವಯಿಸುತ್ತಿರಲಿಲ್ಲ.) “ಚಹಾ ಮಾಡ್ಲೋ ಕಾಫಿ ಮಾಡ್ಲೋ?” ಎಂದು ಶಿವಕ್ಕ ಕೇಳಿದರೆ, “ಮೊದಲ ಬಿಚ್ಚಿ ನೋಡೂಣು,” ಎನ್ನುವ ಮಟ್ಟಕ್ಕೆ ಬಂದರು.

ಶಿವಕ್ಕನ ತಾಳ್ಮೆ ಮುಗಿಯಿತು. “ನಾಲ್ಕ ವರ್ಷ ಆತು. ಅದರ ಎಣ್ಣಿ ಸೋರಿ ಸೋರಿ, ಬಾಗಲದಾಗ ನನ್ನ ರಂಗೋಲಿ ಯಾವುದು, ಅದರ ರಂಗೋಲಿ ಯಾವುದು ತಿಳೀದಂಗ ಆಗೇತಿ. ಆ ಮಿಸ್ತ್ರಿಗಳನ್ನ ಕೇಳೂದು ಬಿಡ್ರಿ. ಸೋಮವಾರ ವೀರಭದ್ರಗ ಹೂವು ಹಚ್ಚಿ ಅಪ್ಪಣಿ ಕೇಳ್ರಿ.”

ಶಂಕರಪ್ಪನವರಿಗೆ ಹೋದ ಪ್ರಾಣ ಬಂದಂತಾಯಿತು. ಹೆಂಡತಿಯ ಹೆಸರಿನಲ್ಲೇ ಒಬ್ಬ ಅಕ್ಕ ಕೂತಿರುವಾಗ ಎದುರಾಡುವುದು ಹೇಗೂ ಅವರ ಪದ್ಧತಿಯಲ್ಲ.

ಸೋಮವಾರ ಮಿಂದು ಮಡಿಯುಟ್ಟು, ದೇವರ ಕೋಣೆಯಲ್ಲಿ ವೀರಭದ್ರನ ಮೂರ್ತಿಯ ಎರಡು ಭುಜಕ್ಕೂ ಒದ್ದೆ ಸೇವಂತಿಗೆ ಅಂಟಿಸಿ ಕೈಮುಗಿದರು. “ಅಪ್ಪಾ ವೀರಭದ್ರಾ, ಬಲಕ್ಕಿನ ಹೂವು ಬಿದ್ದರ ಹಳೇ ಇಂಜಿನ್ ರಿಪೇರಿ, ಎಡಕ್ಕಿಂದು ಬಿದ್ದರ ಹೊಸಾ ಡೀಸೆಲ್.” ಪಕ್ಕದಲ್ಲಿ ಶಿವಕ್ಕನೂ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಬೇಡಿಕೊಂಡಳು.

ಹೂವು ಬೀಳಲಿಲ್ಲ. ಊದಿನಕಡ್ಡಿ ಮುಗಿಯಿತು. ಇನ್ನೊಂದು ಹಚ್ಚಿದರು. ಶಂಕರಪ್ಪನವರ ಗಡ್ಡ ಒಂದು ಅಂಗುಲ ಬೆಳೆಯಿತು. ಕೊನೆಗೆ ಒಂದು ಹೂವು ಜಾರಿ ಟಪ್ಪೆಂದು ಬಿತ್ತು.

“ಬಲಕ್ಕ ಬಿತ್ತು. ರಿಪೇರಿ,” ಎಂದರು ಶಂಕರಪ್ಪ.

“ನಿಮ್ಮ ಬಲಕ್ಕೋ, ದೇವರ ಬಲಕ್ಕೋ?” ಎಂದಳು ಶಿವಕ್ಕ.

ಶಂಕರಪ್ಪನವರು ಲೆಕ್ಕ ಹಾಕಿದರು. ದೇವರು ಇತ್ತ ಮುಖ ಮಾಡಿದ್ದಾನೆ, ತಾವು ಅತ್ತ. ತಮ್ಮ ಬಲವೆಂದರೆ ಅವನ ಎಡ. ಖಾತ್ರಿ ಮಾಡಿಕೊಳ್ಳಲು ದೇವರ ಪಕ್ಕದಲ್ಲಿ ಅವನಂತೆಯೇ ನಿಂತರು. ಆಗ ಡೀಸೆಲ್ ಎನಿಸಿತು. ಎದುರು ಬಂದು ನಿಂತರು, ಆಗ ರಿಪೇರಿ. ನಾಲ್ಕು ಸಲ ಹೀಗೆ ತಿರುಗಿದ ಮೇಲೆ ಊಟ ಮಾಡುವ ಕೈ ಯಾವುದೆಂಬುದೂ ಮರೆತುಹೋಯಿತು.

“ಇನ್ನೊಮ್ಮೆ ಕೇಳ್ಲೇನು?”

“ಒಂದ ಮಾತು ಎರಡ ಸಲ ಕೇಳಿದ್ರ ಸಿಟ್ಟಿಗೇಳತಾನ. ಕೈಯಾಗ ಕತ್ತಿ ಐತಿ, ನೋಡ್ರಿ.”

ನೋಡಿದರು. ಕತ್ತಿ ಇತ್ತು. ಯಾವ ಕೈಯಲ್ಲಿತ್ತು ಎಂಬ ವಿಚಾರಕ್ಕೆ ಅವರು ಹೋಗಲಿಲ್ಲ. ದೇವರ ಅಪ್ಪಣೆ ಮೀರುವುದಕ್ಕಿಂತ ಎರಡೂ ಬಗೆಯಲ್ಲಿ ಪಾಲಿಸುವುದೇ ಕ್ಷೇಮವೆಂದು ಅಂದೇ ಅಪ್ಪಚ್ಚುವಿಗೆ ಹಳೆಯ ಇಂಜಿನ್ ಒಯ್ಯಲು ಹೇಳಿದರು, ಮೇಶ್ರಾಮನಿಗೆ ಡೀಸೆಲ್ ತರಲು ಹೇಳಿದರು. ಯಾವುದು ಮೊದಲು ಬರುತ್ತದೋ ಅದು ದೇವರ ಬಲಗಡೆ.

ಅಪ್ಪಚ್ಚು ಚೈನು ಕಟ್ಟಿ ಇಂಜಿನ್ ಎತ್ತಿ ಒಯ್ದ. ಹೊಟ್ಟೆ ಖಾಲಿಯಾದ ಜೀಪು ಹತ್ತು ದಿನ ಬಾಗಿಲಲ್ಲಿ ಬಾಯಿ ತೆರೆದು ನಿಂತಿತು.

ನರಕಚತುರ್ದಶಿಯ ಹಿಂದಿನ ದಿನ ಶಂಕರಪ್ಪನವರು ಪೇಟೆಯಿಂದ ಮನೆಗೆ ಬಂದರು. ಪಡಸಾಲೆಯಲ್ಲಿ ಎಡಕ್ಕೊಂದು ಇಂಜಿನ್, ಬಲಕ್ಕೊಂದು ಇಂಜಿನ್. ಎರಡೂ ಒಂದೇ ಗಳಿಗೆಯಲ್ಲಿ ಬಂದಿದ್ದವಂತೆ. ಇದೇನು ದೇವರ ಲೀಲೆಯೆಂದು ಶಂಕರಪ್ಪ ಬಾಗಿಲಿಗೆ ಓಡಿದರು. ಬಾಗಿಲಲ್ಲಿ ಚೊಕ್ಕವಾದ, ಗಜದಷ್ಟು ಅಗಲದ ರಂಗೋಲಿ ಇತ್ತು. ಜೀಪು ಇರಲಿಲ್ಲ.

“ಜೀಪು ಎಲ್ಲೈತಿ?”

“ಹಳೇ ಕಬ್ಬಿಣ ಕೊಳ್ಳೂ ಭಂಗಾರದಾಂವ ಒಯ್ದ, ಮುಂಜಾನೆ.”

“ಯಾರನ್ನ ಕೇಳಿ ಕೊಟ್ಟಿ?”

“ವೀರಭದ್ರನ್ನ ಕೇಳೇ ಕೊಟ್ಟೇನಿ. ನೀವು ಹೂವು ಹಚ್ಚಿದಾಗ ನಾನೂ ಕೇಳಿಕೊಂಡಿದ್ದೆ,” ಎಂದಳು ಶಿವಕ್ಕ, ಶಾಂತವಾಗಿ. “ಎಡಕ್ಕರೆ ಬೀಳಲಿ, ಬಲಕ್ಕರೆ ಬೀಳಲಿ, ಯಾವುದ ಬಿದ್ದರೂ ಜೀಪು ಹೋಗಲಿ ಅಂತ. ನಂದೇನೂ ಗೊಂದಲ ಆಗಲಿಲ್ಲ ನೋಡ್ರಿ.”

ಮರುದಿನ ಬೆಳಿಗ್ಗೆ ಮರಿಯಪ್ಪ ಸ್ಟೇಷನ್ನಿನಿಂದ ಸೈಕಲ್ ರಿಕ್ಷಾದಲ್ಲಿ ಬಂದಿಳಿದ. ಒಂದು ಇಂಜಿನ್ನಿನ ಮೇಲೆ ಭಾವ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಇನ್ನೊಂದರ ಮೇಲೆ ಅವನೂ ಕೂತ. ಸುತ್ತ ನೋಡಿದ.

“ಭಾವಾರ, ಇಂಜಿನ್ ಎರಡ ಅದಾವ, ಚಲೋ ಆತು. ಜೀಪು ಎಲ್ಲಿ?”

ಶಂಕರಪ್ಪ ಉತ್ತರಕ್ಕಾಗಿ ಮೊದಲು ಎಡಕ್ಕೆ ನೋಡಿದರು, ಆಮೇಲೆ ಬಲಕ್ಕೆ. ಅಷ್ಟರಲ್ಲಿ ಶಿವಕ್ಕ ಫಳಫಳ ಹೊಳೆಯುವ ಹೊಸ ಸ್ಟೀಲಿನ ತಟ್ಟೆಯಲ್ಲಿ ಹೊಸ ಸ್ಟೀಲಿನ ಲೋಟ ಇಟ್ಟುಕೊಂಡು ಬಂದಳು. ಹಿಂದೆ ಅಡುಗೆಮನೆಯಲ್ಲಿ ಹೊಸ ಹಂಡೆ, ಹೊಸ ಕೊಡ, ಹೊಸ ಡಬ್ಬಿಗಳ ಸಾಲು ಅಮಾವಾಸ್ಯೆಯ ದೀಪಗಳಿಗಿಂತ ಒಂದು ದಿನ ಮುಂಚೆಯೇ ಬೆಳಗುತ್ತಿತ್ತು.

“ನಿನ್ನ ಕೈಯಾಗ ಐತಿ, ತಮ್ಮಾ,” ಎಂದು ಲೋಟ ಕೊಟ್ಟಳು. “ಆರೂದ್ರಾಗ ಕುಡಿ.”