ಗುಂಡಿ ಡಬ್ಬಿಯಲ್ಲಿ ವಾಸವಾಗಿರುವ ನೋವಿನ ಮಾತ್ರೆಯವರಿಗೆ

ಸಕಲ ಬೇನೆಗಳ ಬಂಧುವೂ, ಡಾಕ್ಟರ ಚೀಟಿಯಿಲ್ಲದೆಯೇ ಯಾರ ಬಾಯಿಗಾದರೂ ಬಂದು ಬೀಳುವ ಉದಾರಿಯೂ ಆದ ಮಾನ್ಯ ನೋವಿನ ಮಾತ್ರೆಯವರ ಸನ್ನಿಧಿಗೆ, ಹೊಲಿಗೆ ಅಂಗಡಿಯ ದೊಡ್ಡಕ್ಕ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ; ತಮ್ಮ ದಯೆಯಿಂದ ನನ್ನ ತಂಗಿ ಮಾತ್ರ ಆಸ್ಪತ್ರೆಯಲ್ಲಿದ್ದಾಳೆ.

ಮಾನ್ಯರೇ, ಹೊಲಿದು ಹೊಲಿದು ತಂಗಿಯ ಸೊಂಟ ಹಿಡಿದರೆ ತಾವು, ಗಿರಾಕಿಯೊಬ್ಬರು ಒಂದೇ ಕೋಟಿನ ಹೊಲಿಗೆಯನ್ನು ಮತ್ತೆ ಮತ್ತೆ ಬಿಚ್ಚಿಸಿದ್ದಕ್ಕೆ ಅವಳ ಗಂಡನ ತಲೆ ಸಿಡಿದರೆ ತಾವು, ನನ್ನ ಮಂಡಿ ಮೆಟ್ಟಿಲು ಕಂಡು ಮುನಿಸಿಕೊಂಡರೂ ತಾವೇ. "ಊಟ ಆಯ್ತಾ?" ಎಂದು ಕೇಳುತ್ತಿದ್ದ ಮನೆಯಲ್ಲಿ "ಮಾತ್ರೆ ಆಯ್ತಾ?" ಎಂದು ಕೇಳುವಂತಾಯಿತು. ಇಷ್ಟು ಮರ್ಯಾದೆ ನಮ್ಮ ದೊಡ್ಡಪ್ಪನಿಗೂ ಸಿಕ್ಕಿರಲಿಲ್ಲ.

ತಮ್ಮ ವಸತಿಗೂ ನಾವು ಕೊರತೆ ಮಾಡಲಿಲ್ಲ. ಕತ್ತರಿ ಹಿಡಿದ ಕೈ ಸುಮ್ಮನಿರುತ್ತದೆಯೇ? ಸ್ಟ್ರಿಪ್ ಮನೆಗೆ ಬಂದ ಕೂಡಲೇ ಒಂದೊಂದೇ ಮಾತ್ರೆಯಾಗಿ ಕತ್ತರಿಸಿ, ಸಿಪ್ಪೆ ಬಿಡಿಸಿ, ಗಾತ್ರ ಬಣ್ಣ ನೋಡಿ ಗುಂಡಿ ಡಬ್ಬಿಯ ಖಾನೆಗಳಿಗೆ ಹಂಚುವುದು ನಮ್ಮ ಪದ್ಧತಿ. ಹೆಸರೂ ಅವಧಿ ಮುಗಿಯುವ ತಾರೀಖೂ ಚಿಂದಿ ಬಟ್ಟೆಯ ಜೊತೆ ಕಸಕ್ಕೆ ಹೋದವು. ಕಿತ್ತಳೆ ಬಣ್ಣದವರು ಸೊಂಟಕ್ಕೆ, ಬಿಳಿಯವರು ಭುಜಕ್ಕೆ ಎಂದು ನಂಬಿದ ತಂಗಿ ಇಬ್ಬರನ್ನೂ ಒಟ್ಟೊಟ್ಟಿಗೆ ನುಂಗಿದಳು. ಇಬ್ಬರೂ ಒಂದೇ ಮದ್ದು, ಕಂಪನಿ ತೊಡಿಸಿದ ಅಂಗಿ ಮಾತ್ರ ಬೇರೆ ಎಂದು ಹೇಳುವ ಸೌಜನ್ಯವನ್ನು ತಾವು ತೋರಲಿಲ್ಲ. ಅದೂ ಖಾಲಿ ಹೊಟ್ಟೆಗೆ. "ಈ ತೋಳೊಂದು ಮುಗಿಸಿ ಉಣ್ತೀನಿ ಅಕ್ಕ" ಎನ್ನುವಳು. ತೋಳು ಮುಗಿದರೆ ಕಾಲರು, ಕಾಲರು ಮುಗಿದರೆ ಜೇಬು.

ಮಲ ಕಪ್ಪಗಾದದ್ದನ್ನು ಅವಳು ನಾಚಿಕೆಯಿಂದ ಮುಚ್ಚಿಟ್ಟಳು. ಕೊನೆಗೆ ಯಂತ್ರದ ಮೇಲೆಯೇ ಕುಸಿದಾಗ ಎತ್ತಿಕೊಂಡು ಓಡಿದೆವು. "ಹೊಟ್ಟೆ ಒಳಗೆ ಹುಣ್ಣಾಗಿ ರಕ್ತ ಸೋರ್ತಿದೆ, ಏನೇನು ನುಂಗಿದಾರೆ ತೋರ್ಸಿ" ಎಂದರು ಡಾಕ್ಟರಮ್ಮ. ನಾವು ಡಬ್ಬಿ ತೆರೆದೆವು. ಅವರು ಎತ್ತಿ ಬೆಳಕಿಗೆ ಹಿಡಿದ ಮೊದಲನೆಯದು ಅಂಗಿಯ ಗುಂಡಿ. "ಇದನ್ನ ನುಂಗಿದ್ರೆ ಇಷ್ಟು ತೊಂದ್ರೆ ಆಗ್ತಿರ್ಲಿಲ್ಲ ಬಿಡಿ" ಎಂದರು.

ಆದ್ದರಿಂದ ಮಾನ್ಯರಲ್ಲಿ ಬಿನ್ನಹವೇನೆಂದರೆ, ಇನ್ನು ಮುಂದೆ ತಾವು ನಾಲಿಗೆಯ ಮೇಲೆಯೇ ನಿಂತು, ಊಟವಾಗಿದೆಯೇ, ಹಳೆಯ ಹುಣ್ಣಿದೆಯೇ, ಮೂತ್ರಪಿಂಡ ನೆಟ್ಟಗಿದೆಯೇ ಎಂದು ವಿಚಾರಿಸಿದ ನಂತರವೇ ಕೆಳಗಿಳಿಯಬೇಕು. ಒಳಗೆ ತಮ್ಮ ಅಣ್ಣನೋ ದಾಯಾದಿಯೋ ಆಗಲೇ ಕೂತಿದ್ದರೆ ಹೊಸಿಲಿನಿಂದಲೇ ಮರಳಬೇಕು. ಕೆಲವು ದಿನ ಕಳೆದರೂ ನೋವು ಜಗ್ಗದಿದ್ದರೆ ರೋಗಿಯ ಕಿವಿ ಹಿಡಿದು ಡಾಕ್ಟರ ಬಳಿ ಎಳೆದೊಯ್ಯಬೇಕು. ಇದೆಲ್ಲ ನಮ್ಮ ಕೆಲಸವೆಂದು ತಾವು ವಾದಿಸಬಹುದು. ನಾವು ಎಷ್ಟು ಚೆನ್ನಾಗಿ ಮಾಡಿದೆವೆಂದು ನೋಡಿದಿರಲ್ಲ.

ತಂಗಿ ನಾಳಿದ್ದು ಮನೆಗೆ ಬರುತ್ತಾಳೆ. ಸೊಂಟ ಮತ್ತೆ ನೋಯುತ್ತದೆ, ಕೈ ಮತ್ತೆ ತಮ್ಮನ್ನು ಹುಡುಕುತ್ತದೆ. ಇನ್ನೊಮ್ಮೆ ಹೀಗಾದರೆ ಉಳಿಸಿಕೊಳ್ಳುವುದು ಕಷ್ಟವಂತೆ. ತಮಗೆ ಭಕ್ತರು ಊರ ತುಂಬ ಇದ್ದಾರೆ. ನನಗೆ ತಂಗಿ ಒಬ್ಬಳೇ.

ದೂರದಿಂದಲೇ ಕೈಮುಗಿಯುವ,
ತಮ್ಮ ವಿಶ್ವಾಸಿ,
ದೊಡ್ಡಕ್ಕ

ತಾಜಾಕಲಂ: ಹೇಗೆ ಕೂತು ಹೊಲಿಯುತ್ತಾಳೆ ಎಂದು ಡಾಕ್ಟರಮ್ಮ ಕೇಳಿದಾಗ ತಂಗಿಯ ಗಂಡ ಮಂಚದ ಅಂಚಿನಲ್ಲಿ ಗೂನಾಗಿ ಕೂತು ತೋರಿಸಿದ. ಸೊಂಟನೋವಿಗೆ ಆ ತಗ್ಗು ಸ್ಟೂಲೇ ಕಾರಣ ಎಂದರು ಅವರು. ಈಗ ಅವಳ ಸ್ಟೂಲಿನ ಕಾಲುಗಳಿಗೆ ಮರದ ತುಂಡು ಹೊಡೆದು ಎತ್ತರಿಸಿದ್ದೇವೆ. ಈ ಮದ್ದು ಊಟಕ್ಕೆ ಮೊದಲೋ ನಂತರವೋ ಎಂದು ಡಾಕ್ಟರಮ್ಮನನ್ನು ವಿಚಾರಿಸಿದೆ. ಯಾವಾಗ ಬೇಕಾದರೂ ಕೂರಬಹುದಂತೆ.